ಸೋಲುವೆ ಅಲ್ಲ, ಸೂಲ್ವೈ

ಓಸ್ಲೋದಲ್ಲಿರುವ ನನ್ನ ತಂಗಿಯ ಮಗಳು ಸುಜಾತಾಳಿಗೆ ಈ ವರ್ಷ ಹೆಣ್ಣುಮಗು ಹುಟ್ಟಿತು. ಎರಡು ವಾರದ ಮೇಲೆ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಕೂಸಿನ ಫೋಟೋ ಬಂತು. ಅದರ ಕೆಳಗೆ ರೋಮನ್ ಅಕ್ಷರಗಳಲ್ಲಿ ಹೆಸರು: ಎಸ್, ಓ, ಎಲ್, ವಿ, ಇ, ಐ, ಜಿ. ಮುಂದಿನ ಒಂದು ತಾಸಿನಲ್ಲಿ ನಮ್ಮ ಗುಂಪಿನ ಇಪ್ಪತ್ತಾರು ಮಂದಿಯೂ ಭಾಷಾವಿಜ್ಞಾನಿಗಳಾದರು.

‘ಸೋಲ್ವೀಗಾ? ಸೋಲ್ವೆಯಿಗ್ಗಾ?’ ಎಂದು ಒಬ್ಬರು. ‘ಏನೇ ಇರಲಿ, ಸೋಲುವೆ ಅಂತ ಕೇಳಿಸ್ತದ. ಹುಟ್ಟಿದ ಕೂಸಿಗೆ ಯಾರರ ಸೋಲಿನ ಹೆಸರು ಇಡ್ತಾರೇನು?’ ಎಂದು ಇನ್ನೊಬ್ಬರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಒಬ್ಬ ತಮ್ಮ ಬುದ್ಧಿವಾದ ಹೇಳಿದ: ‘ಮಾಯಾ, ಅನಿತಾ, ನೀನಾ ಹಂಗ ಏನರ ಇಡಬೇಕಿತ್ತು. ಎಲ್ಲಾ ದೇಶದಾಗೂ ನಡೀತದ.’ ಎಲ್ಲರೂ ಮುಗಿಸಿದ ಮೇಲೆ ನಾನು ಬಂದೆ. ಇಪ್ಪತ್ತೆರಡು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಿದ ಗತ್ತಿನಲ್ಲಿ ತೀರ್ಪು ಬರೆದೆ: ‘ಇದು ಇಬ್ಸೆನ್‌ನ ಪೀರ್ ಗಿಂಟ್ ನಾಟಕದ ನಾಯಕಿಯ ಹೆಸರು. ಸರಿಯಾದ ಉಚ್ಚಾರ ಸೋಲ್ವೆಗ್.’

ಮರುದಿನ ಸುಜಾತಾಳ ಧ್ವನಿಸಂದೇಶ ಬಂತು, ನನಗೊಬ್ಬನಿಗೇ. ‘ಮಾಮಾ, ಅದು ಸೋಲ್ವೆಗ್ ಅಲ್ಲರಿ. ಸೂಲ್ವೈ. ಕಡೀ ಅಕ್ಷರ ಕೇಳಸೂದಿಲ್ಲ. ಅದು ಇವರ ಅಜ್ಜಿ ಹೆಸರು. ನಾ ಮದುವಿಯಾಗಿ ಇಲ್ಲಿಗೆ ಬಂದಾಗ ಎಲ್ಲಾರೂ ನನ್ನ ಸುಯಾತಾ, ಸುಯಾತಾ ಅಂತಿದ್ರು. ತೊಂಬತ್ತು ವರ್ಷದ ಆ ಮುದುಕಿ ಒಬ್ಬಾಕಿನೇ ಕೈ ಹಿಡಕೊಂಡು ಕೂತು, ಇನ್ನೊಮ್ಮೆ ಹೇಳು, ಇನ್ನೊಮ್ಮೆ ಹೇಳು ಅಂತ ಕೇಳಿ ಕೇಳಿ ನನ್ನ ಹೆಸರು ಕಲಿತಳು. ಆಕೀಗೆ ನನ್ನ ಹೆಸರು ಅನ್ನಲಿಕ್ಕೆ ಬಂತು. ನಿಮಗ ಆಕೀ ಹೆಸರು ಅನ್ನಲಿಕ್ಕೆ ಬರೂದಿಲ್ಲೇನ್ರಿ?’

ಈ ಲೇಖನ ಆ ಪ್ರಶ್ನೆಗೆ ನನ್ನ ಉತ್ತರ. ನನ್ನ ಮೇಲೆ ನಾನೇ ಹೂಡಿಕೊಂಡ ಜಗಳವೂ ಹೌದು. ನಮ್ಮ ಗುಂಪಿನ ಇಪ್ಪತ್ತಾರು ಮಂದಿ ಹೇಳಿದ್ದನ್ನೇ ಕನ್ನಡದ ಓದುಬಲ್ಲ ಜಗತ್ತು ಪರದೇಶದ ಹೆಸರುಗಳ ಬಗ್ಗೆ ದಿನಾ ಹೇಳುತ್ತಿರುತ್ತದೆ. ಆದ್ದರಿಂದ ಒಂದೊಂದೇ ಮಾತನ್ನು ಎತ್ತಿಕೊಳ್ಳುತ್ತೇನೆ.

ಮೊದಲನೆಯ ಮಾತು: ಈ ಹೆಸರು ಕಷ್ಟ. ಯಾರಿಗೆ ಕಷ್ಟ? ‘ಸೂಲ್’ ಎನ್ನಲು ಬಾರದ ಕನ್ನಡಿಗರಿದ್ದಾರೆಯೇ? ‘ವೈ’ ಎನ್ನಲು ಬಾರದವರಿದ್ದಾರೆಯೇ? ಧೃತರಾಷ್ಟ್ರ, ತ್ರಿವಿಕ್ರಮ, ಮೃತ್ಯುಂಜಯ ಎಂದು ನಾಲಿಗೆ ತೊಡರದೆ ಕರೆಯುವ ನಮಗೆ ಎರಡು ತುಂಡಿನ ಈ ಹೆಸರು ಕಷ್ಟ ಎನ್ನುವುದು ನಾಲಿಗೆಯ ಮಾತಲ್ಲ, ಕಣ್ಣಿನ ಮಾತು. ಹೆಸರನ್ನು ನಾವು ಕೇಳಿರಲಿಲ್ಲ, ಓದಿದ್ದೆವು. ಓದಿದ್ದು ಕೂಡ ನಾರ್ವೇಜಿಯನ್ ಭಾಷೆಯ ರೂಢಿಯಲ್ಲಲ್ಲ, ಇಂಗ್ಲಿಷ್ ಶಾಲೆಯಲ್ಲಿ ಕಲಿತ ಕಾಗುಣಿತದಲ್ಲಿ.

ನಾರ್ವೆಯ ಬರವಣಿಗೆಗೆ ಅದರದೇ ಲೆಕ್ಕವಿದೆ. ಅಲ್ಲಿ ‘ಓ’ ಅಕ್ಷರ ಅನೇಕ ಪದಗಳಲ್ಲಿ ‘ಊ’ ಆಗಿ ಕೇಳುತ್ತದೆ. ಪುಸ್ತಕಕ್ಕೆ ಬೂಕ್, ತಾಯಿಗೆ ಮೂರ್, ಸೂರ್ಯನಿಗೆ ಸೂಲ್. ಅವರ ರಾಜಧಾನಿಯನ್ನೇ ಅವರು ಓಸ್ಲೋ ಎನ್ನುವುದಿಲ್ಲ, ಹೆಚ್ಚುಕಡಿಮೆ ಉಸ್ಲು ಎನ್ನುತ್ತಾರೆ. ಹೆಸರಿನ ಕೊನೆಯ ‘ಜಿ’ ಬರೆಯಲು ಮಾತ್ರ, ಅನ್ನಲು ಅಲ್ಲ. ‘ನಾನು’ ಎಂಬುದಕ್ಕೆ ಅವರು ಜೆ, ಇ, ಜಿ ಎಂದು ಬರೆದು ‘ಯೈ’ ಎನ್ನುತ್ತಾರೆ, ಅಲ್ಲಿಯೂ ‘ಜಿ’ ಕರಗಿದೆ. ಹಾಗಾಗಿ ಸೂಲ್ವೈ. ಆ ‘ವೈ’ ನಮ್ಮ ವೈ ಮತ್ತು ವೆಯ್‌ಗಳ ನಡುವೆ ಎಲ್ಲೋ ನಿಲ್ಲುತ್ತದೆ. ನಾನು ವೈ ಎಂದೇ ಬರೆಯುತ್ತೇನೆ. ಯಾರಾದರೂ ವೆಯ್ ಎಂದು ಬರೆದರೆ ಜಗಳವಾಡುವುದಿಲ್ಲ.

ಎರಡನೆಯ ಮಾತು: ಅರ್ಥ ಅಪಶಕುನ. ಇದನ್ನು ಹೇಳಿದವರ ಮೇಲೆ ನನಗೆ ಸಿಟ್ಟಿಲ್ಲ. ಪರಭಾಷೆಯ ಹೆಸರಿನಲ್ಲಿ ನಮ್ಮ ಮಾತು ಕೇಳಿಸುವುದು ಕಿವಿಗೆ ಸಹಜವೇ. ಆದರೆ ‘ಸೋಲುವೆ’ ಕೇಳಿಸಿದ್ದು ಹೆಸರಿನಲ್ಲಿ ಅಲ್ಲ, ನಮ್ಮ ತಪ್ಪು ಓದಿನಲ್ಲಿ. ಸರಿಯಾಗಿ ಅಂದಿದ್ದರೆ ಕೇಳಿಸಬೇಕಾದ ಕನ್ನಡ ಪದ ಬೇರೆಯೇ ಇದೆ. ಅದನ್ನು ಕೇಳಿಸಿಕೊಂಡದ್ದು ನಮ್ಮ ಮನೆಯಲ್ಲಿ ಒಬ್ಬರೇ, ಎಂಬತ್ತೇಳು ವರ್ಷದ ನಮ್ಮವ್ವ. ಆಕೆಗೆ ಇಂಗ್ಲಿಷ್ ಓದಲು ಬಾರದು, ವಾಟ್ಸಾಪೂ ಇಲ್ಲ. ನಾನು ಧ್ವನಿಸಂದೇಶ ಹಾಕಿ ಕೇಳಿಸಿದೆ. ಆಕೆ ತಲೆ ಆಡಿಸಿ ಅಂದಳು: ‘ಸೂಲವ್ವ! ಛಲೋ ಹೆಸರಲ್ಲ. ಮನಿಯಾಗ ಸೂಲಾತು, ಸೂಲವ್ವ ಬಂದಳು.’

ಸೂಲು ಎಂದರೆ ಹೆರಿಗೆ. ನಮ್ಮ ಕಡೆ ಎಮ್ಮೆ ಕೊಳ್ಳುವವರು ಇಂದಿಗೂ ‘ಎಷ್ಟನೇ ಸೂಲು?’ ಎಂದೇ ಕೇಳುತ್ತಾರೆ. ಹೆರಿಗೆ ಮಾಡಿಸುವಾಕೆ ಸೂಲಗಿತ್ತಿ. ಪಾವಗಡದ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಇಡೀ ನಾಡು ಅವರನ್ನು ಸೂಲಗಿತ್ತಿ ನರಸಮ್ಮ ಎಂದೇ ಕರೆಯಿತು. ಇಂಗ್ಲಿಷ್ ಕಲಿತ ಇಪ್ಪತ್ತಾರು ಮಂದಿಗೆ ಕೂಸಿನ ಹೆಸರಿನಲ್ಲಿ ಸೋಲು ಕಂಡಿತು, ಅಕ್ಷರ ಬಾರದ ಅವ್ವನಿಗೆ ಸೂಲು ಕೇಳಿತು. ಇದು ಕಾಕತಾಳೀಯ, ನಾರ್ವೆಯ ಹೆಸರಿಗೂ ಕನ್ನಡದ ಹೆರಿಗೆಗೂ ಸಂಬಂಧವೇನಿಲ್ಲ. ಆದರೆ ಯಾರ ಕಿವಿ ನೆಟ್ಟಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪರೀಕ್ಷೆ ನನಗೆ ಬೇಕಾಗಿಲ್ಲ.

ನಿಜವಾದ ಅರ್ಥ ಬೇಕಾದವರಿಗೆ: ಹೆಸರು ಹಳೆಯ ನಾರ್ಸ್ ಭಾಷೆಯದು. ಎರಡನೆಯ ಭಾಗಕ್ಕೆ ಶಕ್ತಿ, ಬಲ ಎಂಬ ಅರ್ಥ ಹೇಳುತ್ತಾರೆ. ಮೊದಲ ಭಾಗ ಸೂರ್ಯ ಎಂದು ಕೆಲವರು, ಮನೆ ಅಥವಾ ಹಜಾರ ಎಂದು ಕೆಲವರು. ಸೂರ್ಯ ಎಂಬ ಅರ್ಥವನ್ನೇ ಹಿಡಿದರೆ ಅವರ ‘ಸೂಲ್’ ನಮ್ಮ ‘ಸೂರ್ಯ’ದ ದೂರದ ದಾಯಾದಿ. ಸಂಸ್ಕೃತದ ಸೂರ್ಯ, ಲ್ಯಾಟಿನ್ನಿನ ಸೋಲ್, ನಾರ್ಸ್‌ನ ಸೋಲ್ ಎಲ್ಲವೂ ಒಂದೇ ಬೇರಿನಿಂದ ಬಂದವು.

ಮೂರನೆಯ ಮಾತು ಇಬ್ಸೆನ್ನನದು, ಅಂದರೆ ನನ್ನದು. 1867ರಲ್ಲಿ ಇಬ್ಸೆನ್ ‘ಪೀರ್ ಗಿಂಟ್’ ಎಂಬ ಪದ್ಯನಾಟಕ ಬರೆದ. 1876ರಲ್ಲಿ ಎಡ್ವರ್ಡ್ ಗ್ರೀಗ್‌ನ ಸಂಗೀತದೊಂದಿಗೆ ಅದು ರಂಗಕ್ಕೆ ಬಂತು. ಊರೂರು ಸುತ್ತಿ ಸುಳ್ಳು ಹೇಳಿ ಬದುಕು ಕಳೆಯುವ ಪೇರ್‌ಗಾಗಿ ಗುಡ್ಡದ ಗುಡಿಸಲಿನಲ್ಲಿ ಮುದುಕಿಯಾಗುವವರೆಗೂ ಕಾಯುವವಳು ಸೂಲ್ವೈ. ಅವಳ ಹಾಡಿಗೆ ಗ್ರೀಗ್ ಕೂಡಿಸಿದ ಸ್ವರವೇ ಈ ಹೆಸರನ್ನು ಪ್ರಪಂಚದ ಸಂಗೀತಸಭೆಗಳಿಗೆಲ್ಲ ಕೊಂಡೊಯ್ದಿತು. ನಾನು ಇಪ್ಪತ್ತೆರಡು ವರ್ಷ ಇದನ್ನು ಕ್ಲಾಸಿನಲ್ಲಿ ಹೇಳಿದೆ. ಕಾಯುವ ಹೆಣ್ಣು ಗಂಡಸಿನ ಕನಸೇ ಅಲ್ಲವೇ ಎಂದು ಚರ್ಚೆ ಮಾಡಿಸಿದೆ, ಶಬರಿಯನ್ನೂ ಊರ್ಮಿಳೆಯನ್ನೂ ಎಳೆದು ತಂದೆ. ಅಷ್ಟೆಲ್ಲ ಮಾಡಿದವನು ಅವಳ ಹೆಸರನ್ನು ಒಮ್ಮೆಯೂ ಸರಿಯಾಗಿ ಕರೆಯಲಿಲ್ಲ. ಬ್ರಿಟಿಷ್ ಪ್ರಕಾಶಕರ ಅಗ್ಗದ ಆವೃತ್ತಿಯಲ್ಲಿ ಕಂಡ ಅಕ್ಷರಗಳನ್ನು ಕಂಡ ಹಾಗೆ ಓದಿದೆ. ಯಾವ ವಿದ್ಯಾರ್ಥಿಯೂ ‘ಸರ್, ಅವರು ಹಾಗೇ ಅಂತಾರೇನು?’ ಎಂದು ಕೇಳಲಿಲ್ಲ. ಕೇಳಬೇಕೆಂಬ ಅಭ್ಯಾಸವನ್ನು ನಾನು ಅವರಿಗೆ ಕಲಿಸಿರಲಿಲ್ಲ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಇದು ‘ಇಬ್ಸೆನ್‌ನ ನಾಯಕಿಯ ಹೆಸರು’ ಎಂದು ಬರೆದೆನಲ್ಲ, ಅದೂ ಅರ್ಧಸತ್ಯ. ಹೆಸರು ನಾಟಕಕ್ಕಿಂತ ಎಷ್ಟೋ ಹಳೆಯದು. 13ನೇ ಶತಮಾನದ ಐಸ್‌ಲ್ಯಾಂಡಿನ ಪಾಳೆಯಗಾರ ಸ್ತೂರ್ಲಾ ಸಿಗ್ವಾಟ್ಸನ್‌ನ ಹೆಂಡತಿಯ ಹೆಸರು ಇದೇ. ನನ್ನ ಸೋದರಸೊಸೆ ಮಗಳಿಗೆ ನಾಟಕದ ಪಾತ್ರದ ಹೆಸರಿಟ್ಟಿಲ್ಲ, ಮುತ್ತಜ್ಜಿಯ ಹೆಸರಿಟ್ಟಿದ್ದಾಳೆ. ಅಜ್ಜ ಅಜ್ಜಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಡುವುದು ನಾರ್ವೆಯ ಹಳೆಯ ಪದ್ಧತಿ. ಧಾರವಾಡದ ಕಡೆಯವರಿಗೆ ಇದನ್ನು ವಿವರಿಸುವುದೇ ಬೇಡ. ನಮ್ಮ ಮನೆಯಲ್ಲಿ ಗಂಗವ್ವಂದಿರು ಮೂವರಿದ್ದಾರೆ.

ನಾಲ್ಕನೆಯ ಮಾತು ಗಟ್ಟಿಯಾದದ್ದು, ಬೆಂಗಳೂರಿನ ತಮ್ಮನದು. ಅಪರೂಪದ ಹೆಸರಿಟ್ಟರೆ ಆ ಮಗು ಜನ್ಮವಿಡೀ ಜನರನ್ನು ತಿದ್ದುತ್ತಾ ಇರಬೇಕು, ಅದಕ್ಕೆ ಯಾಕೆ ಆ ಶಿಕ್ಷೆ? ಎಲ್ಲ ವಿಮಾನ ನಿಲ್ದಾಣಗಳಲ್ಲೂ ನಡೆಯುವ ಹೆಸರಿಡಿ. ಇದರಲ್ಲಿ ಸತ್ಯವಿದೆ, ಅಲ್ಲಗಳೆಯುವುದಿಲ್ಲ. ಈ ಕೂಸು ರಜೆಗೆ ಧಾರವಾಡಕ್ಕೆ ಬಂದಾಗಲೆಲ್ಲ, ನಾಳೆ ಇಂಗ್ಲೆಂಡಿಗೋ ಅಮೆರಿಕಕ್ಕೋ ಓದಲು ಹೋದಾಗಲೆಲ್ಲ, ‘ಜಿ ಬಿಡಿ, ಓ ಅನ್ನಬೇಡಿ’ ಎಂದು ಹೇಳಬೇಕಾಗುತ್ತದೆ. ಅದು ದಣಿವಿನ ಕೆಲಸ. ಒಂದು ವಯಸ್ಸಿನಲ್ಲಿ ಅವಮಾನದ ಕೆಲಸವೂ ಹೌದು.

ಆದರೆ ಈ ಬುದ್ಧಿವಾದದ ಲೆಕ್ಕ ನೋಡಿ. ತಪ್ಪು ಅನ್ನುವವರು ನಾವು, ದಂಡ ಕಟ್ಟಬೇಕಾದವಳು ಕೂಸು. ನಮ್ಮ ಕಿವಿಯ ಸೋಮಾರಿತನವನ್ನು ನಾವು ಬಿಡುವುದಿಲ್ಲ, ಆದ್ದರಿಂದ ಅವಳು ಮುತ್ತಜ್ಜಿಯನ್ನು ಬಿಡಬೇಕು. ನಾರ್ವೆಯಲ್ಲಿ ಹೆಸರಿಗೆ ಕಾನೂನೇ ಇದೆ. 2002ರ ಆ ಕಾಯಿದೆಯ ಪ್ರಕಾರ, ಇಟ್ಟುಕೊಂಡವರಿಗೆ ಗಣನೀಯ ತೊಂದರೆ ಕೊಡಬಹುದಾದ ಮೊದಲ ಹೆಸರನ್ನು ಒಪ್ಪುವಂತಿಲ್ಲ. ಮಗುವಿನ ಹಿತದ ಪ್ರಶ್ನೆಯನ್ನು ಆ ದೇಶ ಮೊದಲೇ ಕೇಳಿಕೊಂಡಿದೆ. ಅಲ್ಲಿ ಸೂಲ್ವೈ ಯಾರಿಗೂ ತೊಂದರೆಯ ಹೆಸರಲ್ಲ. ಅಜ್ಜಿಯರ ಕಾಲದ ಹೆಸರು ಎಂದು ನಗಬಹುದು, ಅಷ್ಟೇ. ತೊಂದರೆ ಹುಟ್ಟುವುದು ನಮ್ಮಂಥವರ ಬಾಯಿಗೆ ಬಿದ್ದಾಗ. ಹಾಗಿದ್ದರೆ ತಿದ್ದಬೇಕಾದದ್ದು ಹೆಸರನ್ನೋ, ಬಾಯಿಯನ್ನೋ?

ಇದೇ ನಾವು, ಯಾರಾದರೂ ‘ಕನ್ನಡ್’ ಎಂದರೆ ಏನು ಮಾಡುತ್ತೇವೆ? ಮೈಯೆಲ್ಲ ಉರಿಯುತ್ತದೆ. ‘ಕನ್ನಡ್ ಅಲ್ಲ, ಕನ್ನಡ’ ಎಂದು ತಿದ್ದದ ಕನ್ನಡಿಗನನ್ನು ನಾನು ಕಂಡಿಲ್ಲ. ತಿದ್ದಲೇಬೇಕು. ಒಂದು ಅಕಾರದ ಪ್ರಶ್ನೆಯಲ್ಲ ಅದು, ನೀನು ನನ್ನನ್ನು ಕೇಳಿಸಿಕೊಂಡೆಯೋ ಇಲ್ಲವೋ ಎಂಬ ಪ್ರಶ್ನೆ. ಆ ಸಿಟ್ಟು ನ್ಯಾಯವಾದದ್ದಾದರೆ ಅದಕ್ಕೆ ಎರಡು ಬದಿಗಳಿರಬೇಕು. ನಮ್ಮ ಒಂದು ಸ್ವರ ನುಂಗಿದವರನ್ನು ಹಿಡಿದು ನಿಲ್ಲಿಸುವ ನಾವು, ಇನ್ನೊಬ್ಬರ ಹೆಸರಿನಲ್ಲಿ ಇಲ್ಲದ ಗಕಾರವನ್ನು ತುರುಕಿ, ಅದು ಅಪಶಕುನ ಎಂದು ಅವರನ್ನೇ ದೂರುವುದು ಯಾವ ಸೀಮೆಯ ನ್ಯಾಯ?

2025ರ ಮೇ ತಿಂಗಳು ನೆನಪಿಸಿಕೊಳ್ಳಿ. ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, ಅಂತಾರಾಷ್ಟ್ರೀಯ ಬೂಕರ್ ಬಂತು. ಅಂತಿಮ ಪಟ್ಟಿಯ ಆರು ಪುಸ್ತಕಗಳಲ್ಲಿ ಒಂದು ಡೆನ್ಮಾರ್ಕಿನ ಲೇಖಕಿಯದು. ಆಕೆಯ ಮೊದಲ ಹೆಸರು ಇದೇ ಹೆಸರಿನ ಡೇನಿಶ್ ರೂಪ. ಅಲ್ಲಿ ಕೊನೆಗೆ ‘ಜೆ’ ಬರೆಯುತ್ತಾರೆ, ಸೋಲ್ವೈ ಎನ್ನುತ್ತಾರೆ. ನಾವು ಕೆಲವು ಗೆಳೆಯರು ಆ ಪಟ್ಟಿಯನ್ನು ಓದಿಕೊಂಡು ಕೂತಿದ್ದೆವು. ಬಾನು ಅವರ ಹೆಸರನ್ನು ಲಂಡನ್ನಿನಲ್ಲಿ ಹೇಗೆ ಕರೆಯುತ್ತಾರೋ, ಕೆಡಿಸುತ್ತಾರೋ ಎಂದು ಆತಂಕಪಟ್ಟೆವು. ಅದೇ ಉಸಿರಿನಲ್ಲಿ ಡೆನ್ಮಾರ್ಕಿನವಳನ್ನು ‘ಸೋಲ್ವೆಜ್ ಬಲ್ಲೆ’ ಎಂದು ಓದಿ, ‘ಸೋಲುವೆ ಎಂದು ಬಲ್ಲೆ ಅಂತಾಳಲ್ಲಪ್ಪ’ ಎಂದು ನಕ್ಕೆವು. ನಗೆ ಚಟಾಕಿ ಚೆನ್ನಾಗಿತ್ತು. ಅಂದು ನಕ್ಕವರಲ್ಲಿ ನಾನೂ ಒಬ್ಬ. ಈಗ ನಾಚಿಕೆಯಾಗುವುದು ನಕ್ಕದ್ದಕ್ಕಲ್ಲ. ನಕ್ಕ ಮೇಲೆ ಒಬ್ಬರೂ ಆ ಹೆಸರನ್ನು ಸರಿಯಾಗಿ ಹೇಗೆ ಅನ್ನಬೇಕೆಂದು ಹುಡುಕಲಿಲ್ಲವಲ್ಲ, ಅದಕ್ಕೆ.

ಇಲ್ಲಿ ವಿದ್ವಾಂಸರೊಬ್ಬರು ಎದ್ದು ನಿಲ್ಲುತ್ತಾರೆಂದು ನನಗೆ ಗೊತ್ತು. ‘ಎಲ್ಲ ಭಾಷೆಗಳೂ ಪರಭಾಷೆಯ ಪದವನ್ನು ತಮ್ಮ ಬಾಯಿಗೆ ಹೊಂದಿಸಿಕೊಳ್ಳುತ್ತವೆ. ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಕ್ಕೆ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಸೋಲ್ವೆಗ್ ಎಂಬುದು ಕನ್ನಡದ ತದ್ಭವ ಎಂದುಕೊಳ್ಳಿ, ಮುಗಿಯಿತು.’ ಮುಗಿಯುವುದಿಲ್ಲ. ತದ್ಭವ ಕಿವಿಯಿಂದ ಹುಟ್ಟುತ್ತದೆ. ಹಾಸ್ಪಿಟಲ್ ಎಂಬುದನ್ನು ಕೇಳಿದವರು ಆಸ್ಪತ್ರೆ ಮಾಡಿದರು, ಲ್ಯಾಂಟರ್ನ್ ಕೇಳಿದವರು ಲಾಟೀನು ಮಾಡಿದರು. ನಮ್ಮವ್ವ ಸೂಲ್ವೈ ಕೇಳಿ ಸೂಲವ್ವ ಮಾಡಿದಳು. ಅದು ಅಪ್ಪಟ ತದ್ಭವ, ಕೇಶಿರಾಜ ಇದ್ದಿದ್ದರೆ ಒಪ್ಪುತ್ತಿದ್ದ. ಸೋಲ್ವೆಗ್ ಹಾಗಲ್ಲ. ಅದರಲ್ಲಿ ಕನ್ನಡದ ಕಿವಿಯೂ ಇಲ್ಲ, ನಾರ್ವೆಯ ಬಾಯಿಯೂ ಇಲ್ಲ. ಇರುವುದು ಇಂಗ್ಲಿಷ್ ಕಾಗುಣಿತ ಓದುವ ಕಣ್ಣು ಮಾತ್ರ. ಕನ್ನಡ ಆ ಹೆಸರನ್ನು ತನ್ನದಾಗಿಸಿಕೊಂಡಿಲ್ಲ, ಮೂರನೆಯವರ ಕೈಯಿಂದ ಎಂಜಲು ಮಾಡಿಸಿಕೊಂಡು ತಂದಿದೆ.

ಹೊಟ್ಟೆಯುರಿಯುವುದು ಇನ್ನೊಂದು ಕಾರಣಕ್ಕೆ. ನಾರ್ವೆಯ ಹೆಸರುಗಳನ್ನು ಬರೆಯಲು ಇಂಗ್ಲಿಷಿಗಿಂತ ಕನ್ನಡವೇ ಎಷ್ಟೋ ಕಡೆ ಅನುಕೂಲದ ಲಿಪಿ. ಓಸ್ಲೋ ಕಡೆಯ ಮಾತಿನಲ್ಲಿ ರ ಮತ್ತು ನ ಸೇರಿದರೆ ನಮ್ಮ ಣಕಾರದಂಥ ಧ್ವನಿ ಬರುತ್ತದೆ, ರ ಮತ್ತು ತ ಸೇರಿದರೆ ಟಕಾರ, ರ ಮತ್ತು ಸ ಸೇರಿದರೆ ಷಕಾರ. ಮಗುವಿಗೆ ಅವರು ಬರೆಯುವುದು ‘ಬಾರ್ನ್’, ಅನ್ನುವುದು ‘ಬಾಣ್’. ನೊಬೆಲ್ ಪಡೆದ ಅವರ ಕವಿ ಬ್ಯೋರ್ನ್ಸನ್‌ನ ಹೆಸರಿನೊಳಗೂ ಆ ಣಕಾರ ಕೂತಿದೆ. ಇಂಗ್ಲಿಷಿಗೆ ಆ ಧ್ವನಿಯೂ ಇಲ್ಲ, ಅಕ್ಷರವೂ ಇಲ್ಲ. ನಮಗೆ ಎರಡೂ ಇವೆ. ಮನೆಯಲ್ಲಿ ಅಕ್ಕಿ ಇಟ್ಟುಕೊಂಡು ಪಕ್ಕದ ಮನೆಯ ತಂಗಳಿಗೆ ಕೈಚಾಚುವುದೆಂದರೆ ಇದೇ.

ಕೊನೆಯ ಮಾತು ಇದಕ್ಕೆ ಪೂರಾ ಉಲ್ಟಾ. ‘ಅವರ ಹಾಗೆ ಅನ್ನಲು ನಮಗೆ ಎಂದಿಗೂ ಬಾರದು. ಬಾರದ್ದನ್ನು ಅನ್ನಲು ಹೋಗುವುದು ಡೌಲು.’ ಅವರ ಹಾಗೆಯೇ ಬಾರದು, ಒಪ್ಪಿದೆ. ನಾರ್ವೇಜಿಯನ್ ಮಾತಿಗೆ ಒಂದು ಏರಿಳಿತದ ರಾಗವಿದೆ, ಅದು ನಮ್ಮ ಲಿಪಿಯಲ್ಲಿ ಕೂರದು. ಅವರ ಕೆಲವು ಸ್ವರಗಳಿಗೆ ನಮ್ಮಲ್ಲಿ ಅಕ್ಷರವಿಲ್ಲ. ‘ಸರಿ’ ಎಂಬುದೂ ಒಂದೇ ಅಲ್ಲ. ಇದೇ ಹೆಸರಿನ ಕೊನೆಯ ಅಕ್ಷರ ಐಸ್‌ಲ್ಯಾಂಡಿನಲ್ಲಿ ಇಂದಿಗೂ ಗಂಟಲಲ್ಲಿ ಮೆತ್ತಗೆ ಕೇಳಿಸುತ್ತದೆ. ವಿಮ್ ವೆಂಡರ್ಸ್‌ನ 1987ರ ಸಿನಿಮಾದಲ್ಲಿ ಸರ್ಕಸ್ಸಿನ ಹುಡುಗಿಯಾಗಿ ನಟಿಸಿದ ದೊಮ್ಮಾರ್ತಾ ಎಂಬ ಫ್ರೆಂಚ್ ನಟಿಯದೂ ಇದೇ ಹೆಸರು. ಫ್ರೆಂಚರು ಗಕಾರವನ್ನು ಒತ್ತಿಯೇ ಸೊಲ್ವೆಗ್ ಎನ್ನುತ್ತಾರೆ. ಆಕೆಯ ಮಟ್ಟಿಗೆ ಅದೇ ಸರಿ. ಹಾಗಾದರೆ ನಿಯಮವೇನು? ಬಹಳ ಸರಳ. ಹೆಸರು ಯಾರದೋ ಅವರನ್ನು, ಅಥವಾ ಅವರ ಮನೆಮಂದಿಯನ್ನು, ಒಂದು ಸಲ ಕೇಳುವುದು. ಆಮೇಲೆ ನಮ್ಮ ನಾಲಿಗೆ ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ಹೋಗುವುದು. ಆ ಮುದುಕಿಯೂ ಪೂರ್ತಿ ತಲುಪಲಿಲ್ಲ. ಅವರ ಭಾಷೆಯಲ್ಲಿ ಜಕಾರವಿಲ್ಲ, ಎಷ್ಟು ತಿದ್ದಿದರೂ ಆಕೆ ‘ಸುಡ್ಜಾತಾ’ ಎನ್ನುತ್ತಿದ್ದಳಂತೆ. ಸುಜಾತಾಳಿಗೆ ಅಷ್ಟೇ ಸಾಕಾಗಿತ್ತು. ಎಷ್ಟು ಸಾಕಾಗಿತ್ತೆಂದರೆ, ಮಗಳಿಗೆ ಆಕೆಯ ಹೆಸರಿಟ್ಟಳು.

ಈ ಪತ್ರಿಕೆಯ ಓದುಗರಲ್ಲಿ ಅನುವಾದ ಮಾಡುವವರಿದ್ದೀರಿ, ಪಾಠ ಹೇಳುವವರಿದ್ದೀರಿ, ನಾಳೆ ಆ ಕೆಲಸಕ್ಕೆ ಬರುವ ವಿದ್ಯಾರ್ಥಿಗಳಿದ್ದೀರಿ. ನಮ್ಮ ಕಾಲದಲ್ಲಿ ನಾರ್ವೆಯವರ ದನಿ ಕೇಳಬೇಕೆಂದರೆ ದಾರಿಯಿರಲಿಲ್ಲ ಎಂದು ನಾನು ತಪ್ಪಿಸಿಕೊಳ್ಳಬಹುದು. ನಿಮಗೆ ಆ ನೆಪವಿಲ್ಲ. ಯಾವ ಹೆಸರನ್ನಾದರೂ ಆ ಭಾಷೆಯವರ ಬಾಯಲ್ಲೇ ಕೇಳಿಸುವ ಯಂತ್ರ ನಿಮ್ಮ ಜೇಬಿನಲ್ಲಿದೆ. ಒಂದು ಹೆಸರನ್ನು ಕನ್ನಡದಲ್ಲಿ ಬರೆಯುವ ಮೊದಲು ಅರ್ಧ ನಿಮಿಷ ಕೇಳಿ. ಗ್ರೇಟಾ ಎಂಬ ಸ್ವೀಡನ್ನಿನ ಹುಡುಗಿಯ ಅಡ್ಡಹೆಸರನ್ನು ಥನ್‌ಬರ್ಗ್ ಎಂದು ಬರೆಯುವ ಮೊದಲು, ಅವಳು ತಾನೇ ಅದನ್ನು ಹೇಗೆ ಅನ್ನುತ್ತಾಳೆಂದು ಕೇಳಿ. ಅಲ್ಲಿ ಥಕಾರವೂ ಇಲ್ಲ, ಕೊನೆಯ ಗಕಾರವೂ ಇಲ್ಲ. ಊರುಗಳ ಹೆಸರು ರೂಢಿಯಾಗಿ ಹೋಗಿವೆ, ಓಸ್ಲೋ ಓಸ್ಲೋ ಆಗಿಯೇ ಇರಲಿ. ಈ ಲೇಖನದಲ್ಲಿ ನಾನೂ ಹಾಗೇ ಬರೆದಿದ್ದೇನೆ, ನಾಟಕದ ಹೆಸರನ್ನೂ ರೂಢಿಯಂತೆ ಬಿಟ್ಟಿದ್ದೇನೆ. ಆದರೆ ಊರು ತಿರುಗಿ ನೋಡುವುದಿಲ್ಲ. ಕರೆದರೆ ತಿರುಗಿ ನೋಡುವವರು ಮನುಷ್ಯರು.

ವಾಟ್ಸಾಪ್ ಗುಂಪಿನಲ್ಲಿ ನನ್ನ ತೀರ್ಪನ್ನು ಹಿಂದಕ್ಕೆ ಪಡೆದು, ಸರಿಯಾದದ್ದನ್ನು ಕನ್ನಡದಲ್ಲಿ ಬರೆದು ಹಾಕಿದ್ದೇನೆ. ಇಪ್ಪತ್ತೆರಡು ವರ್ಷಗಳ ವಿದ್ಯಾರ್ಥಿಗಳ ಗುಂಪು ನನ್ನ ಬಳಿ ಇಲ್ಲ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಹಳೆಯ ನೋಟ್‌ಬುಕ್ ಇನ್ನೂ ಇಟ್ಟುಕೊಂಡಿದ್ದರೆ, ‘ಪೀರ್ ಗಿಂಟ್’ ಪಾಠದಲ್ಲಿ ನಾನು ಬರೆಸಿದ ಹೆಸರನ್ನು ಹೊಡೆದು ಹಾಕಿ, ಮೇಲೆ ಸೂಲ್ವೈ ಎಂದು ಬರೆದುಕೊಳ್ಳಿ. ತಪ್ಪು ನಿಮ್ಮದಲ್ಲ, ಹೇಳಿಕೊಟ್ಟವನದು.